ಆಡಿನ ದೊಡ್ಡಿಯ ಬೀಜಗಳು

ಕಳೆದ ವಾರ ಪಕ್ಕದ ಮನೆಯವರು ಗುಲಾಬಿ ಗಿಡಗಳಿಗೆಂದು ಆಡಿನ ಗೊಬ್ಬರ ತರಿಸಿ ಅಂಗಳದಲ್ಲಿ ಸುರುವಿದರು. ಮಳೆ ಹನಿಯಿತು. ನೆನೆದ ಹಿಕ್ಕೆಯ ಒಗರು ವಾಸನೆ ಕಿಟಕಿಯಿಂದ ಒಳಬಂದಾಗ ಓದುತ್ತಿದ್ದ ಪತ್ರಿಕೆಯನ್ನು ಮಡಿಚಿಟ್ಟೆ. ನಮ್ಮ ವಿಜ್ಞಾನದ ಮಾಸ್ತರರು ನೆನಪಾದರು...

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಗಂಗಾವತಿ ಕಡೆಯ ನಮ್ಮೂರಿನಲ್ಲಿ ಹೊಳೆ ವರ್ಷವರ್ಷವೂ ದಂಡೆಯನ್ನು ಕೊರೆಯುತ್ತಿತ್ತು. ದಂಡೆಯ ಮರಗಳೆಲ್ಲ ಇಟ್ಟಂಗಿ ಭಟ್ಟಿಗೆ ಹೋಗಿದ್ದವು. ಪರವೂರಿನಿಂದ ಬಂದು ಬಾಡಿಗೆಯ ಒಂದು ಕೋಣೆಯಲ್ಲಿ ಒಬ್ಬರೇ ಇದ್ದ ಮಾಸ್ತರರು, ಹೊಂಗೆ, ಹೊಳೆಮತ್ತಿ, ಕರಿಜಾಲಿಯಂಥ ಈ ನೆಲದ ಗಿಡಗಳನ್ನೇ ನಮ್ಮ ಕೈಯಿಂದ ಬೆಳೆಸಿ ಅಲ್ಲಿ ನೆಡಿಸಲು ಹೊರಟರು. ಹೆಡ್ ಮಾಸ್ತರರು ಅರೆಮನಸ್ಸಿನಿಂದ ಒಪ್ಪಿದ್ದರು. ಗಿಡ ಸರಿಯಾಗಿ ಬರದಿದ್ದರೆ ಎಲ್ಲವನ್ನೂ ನಿಲ್ಲಿಸಬೇಕೆಂಬ ಷರತ್ತಿತ್ತು.

ಕರಿಜಾಲಿಯ ಬೀಜದ ಸಿಪ್ಪೆ ಗಟ್ಟಿ. ಆಡು ಕಾಯಿ ತಿಂದು ಹೊರಹಾಕಿದ ಬೀಜವೇ ಬೇಗ ಮೊಳೆಯುತ್ತದೆ. ಹಿಕ್ಕೆ ಕೆದಕಿ ಬೀಜ ಆರಿಸಲು ಹುಡುಗರು ಒಲ್ಲೆಂದರು, ನಾನು ಒಪ್ಪಿದೆ. ಊರಾಚೆಯ ದೊಡ್ಡಿಯಿಂದಲೇ ತರಬೇಕು, ಆ ಆಡುಗಳು ಮೇಯುವಲ್ಲಿ ಬಳ್ಳಾರಿ ಜಾಲಿ ಇಲ್ಲವೆಂದು ಮಾಸ್ತರರು ಎರಡು ಸಲ ಹೇಳಿದ್ದರು. ಬಳ್ಳಾರಿ ಜಾಲಿ ಹೊರಗಿನಿಂದ ಬಂದ ಮುಳ್ಳು. ಪಕ್ಕದಲ್ಲಿ ಬೇರೆ ಗಿಡವನ್ನು ಬದುಕಗೊಡದು.

ದಾರಿಯಲ್ಲಿ, ಊರಬಾಗಿಲ ಅಗಸಿಕಟ್ಟೆಯ ಮೇಲೆ ನನ್ನ ತರಗತಿಯ ಮೂವರು ಕೂತಿರುತ್ತಿದ್ದರು. ಅವರ ಹೆಸರು, ಅಪ್ಪಂದಿರ ಹೆಸರು, ಕೂತ ಕ್ರಮ, ಯಾವುದನ್ನೂ ನಾನು ಮರೆತಿಲ್ಲ.

"ಹಿಕ್ಕಿ ಗೌಡ್ತಿ ಬಂದ್ಲು, ದಾರಿ ಬಿಡ್ರಲೇ."

ಮೂರನೆಯ ದಿನ ಆ ದಾರಿಯನ್ನು ಬಿಟ್ಟೆ. ನಮ್ಮ ಮನೆಯ ಹಿಂದಿನ ದೊಡ್ಡಿಯಲ್ಲೇ ಬೀಜ ಆರಿಸಿ ಕೊಟ್ಟೆ. ಅದರ ಬೇಲಿಯ ತುಂಬ ಬಳ್ಳಾರಿ ಜಾಲಿ ಇದ್ದುದು ಕಣ್ಣಿಗೆ ಬಿದ್ದಿತ್ತು...

ಎಳವೆಯಲ್ಲಿ ಎರಡು ಜಾಲಿಗಳೂ ಹೆಚ್ಚುಕಡಿಮೆ ಒಂದೇ ತೆರ. ದಂಡೆಗೆ ನೆಟ್ಟ ಮರುವರ್ಷ ಗಿಡಗಳು ಸೊಂಟದೆತ್ತರ ಬಂದಾಗ ಅವು ಬಳ್ಳಾರಿ ಜಾಲಿಯೆಂದು ಊರಿಗೆಲ್ಲ ತಿಳಿಯಿತು. ಹೆಡ್ ಮಾಸ್ತರರು ಪ್ರಾರ್ಥನೆಯ ಸಾಲುಗಳ ಮುಂದೆಯೇ ಮಾಸ್ತರರನ್ನು ನಿಲ್ಲಿಸಿದರು.

"ಒಲಿ ಉರಸೂ ಮುದುಕಿಗೂ ಜಾಲಿ ಯಾವ್ದು, ಬಳ್ಳಾರಿ ಜಾಲಿ ಯಾವ್ದು ಗೊತ್ತೈತ್ರಿ. ನೀವೆಂಥಾ ಸೈನ್ಸ್ ಮಾಸ್ತರ್ರಿ?"

ಸಾಲುಗಳು ನಕ್ಕವು. ಬೀಜ ತಂದವಳು ನಾನೆಂಬುದು ಮಾಸ್ತರರಿಗೆ ಗೊತ್ತಿತ್ತು. ಅವರು ನನ್ನ ಕಡೆ ನೋಡಲಿಲ್ಲ.

"ತಪ್ಪು ನಂದ್ರಿ ಸರ್. ಬೀಜ ನಾನ ನೋಡಿ ತಗೋಬೇಕಾಗಿತ್ತು."

ಗಿಡದ ಕೆಲಸ ಅಂದೇ ನಿಂತಿತು. ಮೂರು ಭಾನುವಾರ ಅವರೊಬ್ಬರೇ ಗುದ್ದಲಿ ಹಿಡಿದು ಆ ಮುಳ್ಳುಗಿಡಗಳನ್ನು ಬೇರುಸಹಿತ ಅಗೆದರು. ನಾನು ದಿಬ್ಬದ ಮೇಲೆ ನಿಂತು ನೋಡಿದೆ, ಕೆಳಗೆ ಇಳಿಯಲಿಲ್ಲ. ಬೇಸಿಗೆಯಲ್ಲಿ ಅವರಿಗೆ ಯಲಬುರ್ಗಾ ಕಡೆಗೆ ವರ್ಗವಾಯಿತು. ಬೀಳ್ಕೊಡಲು ಯಾರೂ ಹೋಗಲಿಲ್ಲ, ನಾನೂ...

ಮೊನ್ನೆ, ಮಾಸ್ತರರು ಕೊನೆಗೆ ಪಾಠ ಹೇಳಿದ ಶಾಲೆಯನ್ನು ವಿಚಾರಿಸಿಕೊಂಡು, ಬಸ್ಸು ಹಿಡಿದು ಅಲ್ಲಿಗೆ ಹೋದೆ. ಅವರು ತೀರಿಕೊಂಡು ಬಹಳ ವರ್ಷಗಳಾದವು, ಹಿಂದೆ ಮುಂದೆ ಯಾರೂ ಇರಲಿಲ್ಲವಂತೆ ಎಂದು ಅಲ್ಲಿಯ ಗುಮಾಸ್ತ ಹೇಳಿದ.

"ಆ ಬೀಜ ತಂದಾಕಿ ನಾನು" ಎಂದೆ.

"ಯಾವ ಬೀಜರಿ ಅಮ್ಮಾರ?"

ವಿವರಿಸಲು ಬಾಯಿ ತೆರೆದೆ. ಹೆಡ್ ಮಾಸ್ತರರು, ಆ ಮೂವರು, ನಕ್ಕ ಸಾಲುಗಳು, ಯಾರನ್ನೂ ಬಿಡದೆ ಹೇಳಬೇಕೆಂದಿದ್ದೆ. ಆತನಿಗೆ ಅವರಲ್ಲಿ ಒಬ್ಬರೂ ಗೊತ್ತಿರಲಿಲ್ಲ. ಮಾಸ್ತರರೂ ಹಳೆಯ ಹಾಜರಿ ಪುಸ್ತಕದ ಒಂದು ಹೆಸರಷ್ಟೇ. ಬಿಸಿಲಿಗೆ ದಣಿದಿದ್ದೇನೆಂದು ಬಗೆದು ಆತ ನೀರು ತಂದಿಟ್ಟ. ಕುಡಿದು, ಲೋಟವನ್ನು ಮೇಜಿನ ಮೇಲಿಟ್ಟು, ಎದ್ದು ಬಂದೆ.