ಕೊಡೆಯಿಂದ ಎದ್ದ ಹಕ್ಕಿ

ಬೆಳ್ಳಾರೆಯ ಪೇಟೆಯಲ್ಲಿ, ಒಂದು ದಿನಸಿ ಅಂಗಡಿಯ ಜಗಲಿಯ ಮೂಲೆಯಲ್ಲಿ ಅಹ್ಮದ್ ಕುಂಞಿ ಕೂರುತ್ತಾರೆ. ಕೊಡೆ ರಿಪೇರಿ ಅವರ ಕೆಲಸ. ಅವರ ತಂದೆ ಮನೆಮನೆಗೆ ನಡೆದು ಮಾಡುತ್ತಿದ್ದ ಕೆಲಸವನ್ನು ಇವರು ಕೂತು ಮಾಡುತ್ತಾರೆ, ವ್ಯತ್ಯಾಸ ಅಷ್ಟೇ. ಅವರು ಸರಿಮಾಡಿದ ಕೊಡೆ ಎಂಥ ಗಾಳಿಗೂ ಕುಸಿಯುವುದಿಲ್ಲ ಎಂದು ಊರಲ್ಲಿ ಹೆಸರು. ಬಿಚ್ಚಿದ ಕೊಡೆಯನ್ನು ತಡೆದು ನಿಲ್ಲಿಸುವ ಸಣ್ಣ ಕೊಕ್ಕೆ ಇರುತ್ತದಲ್ಲ, ಅದರ ಬುಡಕ್ಕೆ ಅವರು ತಂತಿಯ ಒಂದು ಸುತ್ತು ಹೆಚ್ಚಿಗೆ ಬಿಗಿಯುತ್ತಾರೆ. ಕೇಳಿದವರಿಗೂ ಬಿಗಿಯುತ್ತಾರೆ, ಕೇಳದವರಿಗೂ ಬಿಗಿಯುತ್ತಾರೆ.

ಮಳೆ ಹಿಂದೆ ಸರಿದ ಮೇಲೆ ಅವರಿಗೆ ಇನ್ನೊಂದು ಕೆಲಸ. ಯಾರಿಗೂ ಬೇಡವಾದ ಕೊಡೆಗಳ ಕಡ್ಡಿ, ಬಟ್ಟೆ, ಹಿಡಿ ಎಲ್ಲ ಸೇರಿಸಿ ಏನಾದರೂ ಕಟ್ಟುತ್ತಾರೆ. ಜಗಲಿಯ ಮಾಡಿನ ಪಕಾಸಿನಿಂದ ಕೊಡೆಬಟ್ಟೆಯ ಬಾವಲಿಗಳು ತೂಗುತ್ತವೆ. ಕಡ್ಡಿಗಳ ಕಾಲಿನ ಒಂದು ಜೇಡ ಗೋಡೆಯ ಮೇಲೆ ಕೂತಿದೆ. ನೂಲು ಎಳೆದರೆ ಏಡಿಯೊಂದು ಕೊಂಡಿ ಎತ್ತುತ್ತದೆ.

"ಇದೆಂತ ಸಾಯ್ಬರೆ, ಕೊಡೆಯ ಅಂಗಡಿಯಾ, ಬಾವಲಿಯ ಅಂಗಡಿಯಾ?" ಎಂದು ಬಂದವರು ಕೇಳುತ್ತಾರೆ.

"ಬಾವಲಿಗೆ ರಿಪೇರಿ ಬೇಕಾಗುದಿಲ್ಲ, ಅದೊಂದು ಸುಖ," ಎಂದು ಅವರು ನಗುತ್ತಾರೆ.

ಜನ ನಗುತ್ತಾರೆ, ಕೊಡೆ ತೆಗೆದುಕೊಂಡು ಹೋಗುತ್ತಾರೆ. ಬಾವಲಿಯನ್ನು ಯಾರೂ ಎರಡನೆಯ ಸಲ ತಿರುಗಿ ನೋಡುವುದಿಲ್ಲ. ಮನೆಯಲ್ಲಿ ಹೆಂಡತಿ ಪಾತುಮ್ಮನದ್ದೂ ಅದೇ ಮಾತು. "ಗುಜರಿಯವ ಬಂದಾಗ ಕೊಟ್ಟಿದ್ರೆ ನಡೆಯಲಿಕ್ಕಾದರೂ ಜಾಗ ಆಗ್ತಿತ್ತು."

ಒಂದು ಬೆಳಿಗ್ಗೆ ಹೊಳೆಯ ಬದಿಯಲ್ಲಿ ಅವರೊಂದು ನೀರುಕಾಗೆಯನ್ನು ಕಂಡರು. ಮುಳುಗಿ ಎದ್ದ ಹಕ್ಕಿ ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ನಿಂತಿತ್ತು, ಯಾರೋ ಒದ್ದೆ ಕೊಡೆಯನ್ನು ಒಣಗಲು ಇಟ್ಟ ಹಾಗೆ. ಪಂಚೆಯ ಅಂಚು ನೀರಿಗೆ ತಾಗುತ್ತಿದ್ದರೂ ಅವರು ಹಾಗೇ ನೋಡುತ್ತ ಕೂತರು. ಆಮೇಲೆ ಆ ವಾರವೆಲ್ಲ ಕೆಲಸದ ನಡುವೆ ದೊಡ್ಡ ಕಪ್ಪು ಕೊಡೆಯೊಂದನ್ನು ಅರ್ಧಕ್ಕೆ ಬಿಚ್ಚುವುದು, ಮಡಚುವುದು, ಮತ್ತೆ ಬಿಚ್ಚುವುದು.

ಅದು ಮಹಾಗಣಪತಿ ಮಾಷ್ಟ್ರ ಕಣ್ಣಿಗೆ ಬಿತ್ತು. ಅವರು ಶಾಲೆಯ ಮಕ್ಕಳಿಗೆ ಯಕ್ಷಗಾನ ಕಲಿಸುವವರು. ಆ ವರ್ಷದ ವಾರ್ಷಿಕೋತ್ಸವಕ್ಕೆ ತಾವೇ ಒಂದು ಕಥೆ ಕಟ್ಟಿದ್ದರು. ಕಾಡಿನಲ್ಲೊಂದು ದೊಡ್ಡ ಹಕ್ಕಿ, ಮಳೆ ಬಂದರೆ ಇಡೀ ಊರಿಗೆ ರೆಕ್ಕೆ ಹಿಡಿಯುವುದು. ತನ್ನ ಬೆಳ್ಗೊಡೆಗಿಂತ ಹಕ್ಕಿಯ ನೆರಳು ದೊಡ್ಡದಾಯಿತೆಂದು ರಾಜನಿಗೆ ಹೊಟ್ಟೆಕಿಚ್ಚು. ಅವನು ರೆಕ್ಕೆಯನ್ನು ಕಡಿಯುತ್ತಾನೆ.

"ಸಾಯ್ಬರೆ, ಈ ರೆಕ್ಕೆ ಒಂದು ಹುಡುಗಿಯ ಬೆನ್ನಿಗೆ ಕಟ್ಲಿಕ್ಕೆ ಆಗ್ಬಹುದಾ?"

"ಆಗದೆ ಎಂತ?"

"ಬಿಚ್ಚಿದರೆ ಸಾಲದು. ರಾಜ ಕಡಿದಾಗ ಬಲದ ರೆಕ್ಕೆ ಬೀಳ್ಬೇಕು. ಬೀಳದಿದ್ರೆ ಕಥೆಯೇ ಇಲ್ಲ."

"ಬೀಳ್ತದೆ ಮಾಷ್ಟ್ರೆ. ಒಂದು ನೂಲು ಎಳೆದರೆ ಬಿಚ್ಚುದು, ಇನ್ನೊಂದು ಎಳೆದರೆ ಕೊಕ್ಕೆ ತಪ್ಪಿ ಬೀಳುದು."

ಅಹ್ಮದ್ ಕುಂಞಿ ಬೆತ್ತವನ್ನು ಬಗ್ಗಿಸಿ ಬೆನ್ನಿಗೆ ಚೌಕಟ್ಟು ಮಾಡಿದರು. ಕೊಕ್ಕನ್ನು ಅಡಿಕೆ ಹಾಳೆಯಲ್ಲಿ ಕತ್ತರಿಸಿದರು. ಹಳೆಯ ಕೊಡೆಗಳ ಬಟ್ಟೆ ಎಲ್ಲ ಒಂದೇ ಕಪ್ಪಲ್ಲ, ಕೆಲವು ಬಿಸಿಲಿಗೆ ಕಂದಾಗಿದ್ದವು, ಕೆಲವು ನೀಲಿಗೆ ತಿರುಗಿದ್ದವು. ಆ ಬಣ್ಣಗಳನ್ನು ಗರಿಯ ಮೇಲೆ ಗರಿಯಾಗಿ ಹೊಲಿದರು. ಇಷ್ಟು ವರ್ಷ ಬೇರೆಯವರು ಮಾಡಿದ್ದನ್ನು ಸರಿಮಾಡಿ ಕೊಟ್ಟದ್ದೇ ಆಯಿತು. ಒಂದು ಸಲ, ತನ್ನ ಕೈಯಲ್ಲಿ ಹುಟ್ಟಿದ್ದನ್ನು ಜನ ಕೂತು ನೋಡಬೇಕು, ಪಾತುಮ್ಮನೂ ನೋಡಬೇಕು ಎಂಬ ಆಸೆ ಅವರನ್ನು ಹಿಡಿದುಬಿಟ್ಟಿತು.

"ನೀನೂ ಬಾ," ಎಂದರು ಹೆಂಡತಿಯೊಡನೆ.

"ನಿಮ್ಮ ಗುಜರಿ ನೋಡ್ಲಿಕ್ಕೆ ಶಾಲೆಗೆ ಹೋಗ್ಬೇಕಾ? ಮನೆಯಲ್ಲಿ ಸಾಕಷ್ಟು ಉಂಟು."

ಹಾಗೆಂದರೂ ವಾರ್ಷಿಕೋತ್ಸವದ ದಿನ ಸಂಜೆ ಇಸ್ತ್ರಿ ಮಾಡಿದ ತಟ್ಟದ ಬಟ್ಟೆ ತಲೆಗೆ ಹೊದ್ದು ಅವರಿಗಿಂತ ಮೊದಲೇ ಹೊರಟು ನಿಂತಿದ್ದಳು.

ತರಗತಿಯ ಕೋಣೆಯಲ್ಲಿ ವೇಷ ಕಟ್ಟುತ್ತಿದ್ದರು. ಹಕ್ಕಿಯಾಗುವವಳು ಏಳನೆಯ ತರಗತಿಯ ಗಾನಶ್ರೀ. ರೆಕ್ಕೆ ಕಟ್ಟಿ ಮುಗಿದ ಮೇಲೆ ಅಹ್ಮದ್ ಕುಂಞಿ ಎರಡೂ ಕಡೆ ಕೈಯಾಡಿಸಿದರು. ಬಲದ ರೆಕ್ಕೆಯ ಕೊಕ್ಕೆ ಸಡಿಲ ಎನಿಸಿತು. ಅವರು ಮಾಷ್ಟ್ರ ಜೊತೆ ಮಾತಾಡುತ್ತಿದ್ದ ಹಾಗೇ, ಕೈ ತನ್ನಷ್ಟಕ್ಕೆ ಕಿಸೆಗೆ ಹೋಗಿ ತಂತಿ ತೆಗೆದು, ಒಂದು ಸುತ್ತು ಬಿಗಿದು, ತುದಿಯನ್ನು ಒಳಕ್ಕೆ ಒತ್ತಿಬಿಟ್ಟಿತು. ಯಾರೂ ನೋಡಲಿಲ್ಲ. ಅವರೂ ನೋಡಲಿಲ್ಲ.

ಚೆಂಡೆ ಏರಿತು. ಗಾನಶ್ರೀ ಸುತ್ತು ಹಾಕಿ ಬಂದು, ರಂಗದ ನಡುವೆ ನಿಂತು ನೂಲು ಎಳೆದಳು. ಫಟ್ಟನೆ ಎರಡೂ ರೆಕ್ಕೆ ಬಿಚ್ಚಿಕೊಂಡವು. ದೀಪದ ಬೆಳಕಿನಲ್ಲಿ ಕಪ್ಪು, ನೀಲಿ, ಕಂದು ಗರಿಗಳು ಅಲುಗಿದವು. ಮೈದಾನದಿಂದ "ಓ!" ಎಂಬ ಉಸಿರು ಎದ್ದಿತು. ಮುಂದಿನ ಬೆಂಚಿನಲ್ಲಿ ಕೂತಿದ್ದ ಅಹ್ಮದ್ ಕುಂಞಿ ಹೆಂಗಸರ ಕಡೆ ತಿರುಗಿ ನೋಡಿದರು. ಪಾತುಮ್ಮ ಎದ್ದು ನಿಂತು ನೋಡುತ್ತಿದ್ದಳು. ಹಿಂದಿನವರು ಕೂರಿ ಕೂರಿ ಎನ್ನುತ್ತಿದ್ದರೂ ಕೂರಲಿಲ್ಲ.

ರಾಜನ ವೇಷದ ಶಶಾಂಕ ಅಬ್ಬರಿಸಿ ಬಂದು ಕತ್ತಿ ಬೀಸಿದ. ಗಾನಶ್ರೀ ಎರಡನೆಯ ನೂಲು ಎಳೆದಳು. ರೆಕ್ಕೆ ಬೀಳಲಿಲ್ಲ. ಶಶಾಂಕ ಇನ್ನೊಮ್ಮೆ ಬೀಸಿದ. ಅವಳು ಇನ್ನೊಮ್ಮೆ ಎಳೆದಳು. ರೆಕ್ಕೆ ಕದಲಲಿಲ್ಲ. ಭಾಗವತಿಕೆಗೆ ಕೂತಿದ್ದ ಮಾಷ್ಟ್ರು ಪದವನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು.

"ರಾಜನ ಕತ್ತಿ ಮೊಂಡು ಮಾರಾಯ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಬೆಳ್ಳಾರೆ ಸಂತೆಯ ಕತ್ತಿ ಇರ್ಬೇಕು!"

ಮೈದಾನ ನಗೆಯಲ್ಲಿ ಅಲುಗಿತು. ಅಹ್ಮದ್ ಕುಂಞಿಯ ಹೆಬ್ಬೆರಳಿಗೆ ಆಗ ನೆನಪಾಯಿತು, ಆ ತಂತಿಯ ಸುತ್ತು. ಜನ ಕೂತು ನೋಡುತ್ತಿದ್ದರು, ಹೌದು. ನೋಡಿ ನಗುತ್ತಿದ್ದರು. ಎದ್ದು ಮನೆಗೆ ಹೋಗಿಬಿಡೋಣ ಎನಿಸಿತು. ರಂಗದ ಮೇಲೆ ಗಾನಶ್ರೀ ಇನ್ನೂ ನೂಲು ಎಳೆಯುತ್ತಲೇ ಇದ್ದಳು.

ಹಾಸ್ಯದ ವೇಷ ತನ್ಮಯೀಯದ್ದು. ಆ ಹುಡುಗಿಯ ಬಾಯಿಗೆ ಶಾಲೆಯಲ್ಲಿ ಎದುರಿಲ್ಲ. ಅವಳು ಕುಂಟುತ್ತ ಮುಂದೆ ಬಂದು ರಾಜನಿಗೆ ಕೈಮುಗಿದಳು.

"ಮಹಾರಾಜರೇ, ಸುಮ್ಮನೆ ಬೆವರು ಸುರಿಸ್ಬೇಡಿ. ಈ ರೆಕ್ಕೆಯ ಗುಟ್ಟು ಗೊತ್ತಿರುವವರು ಈ ಕಾಡಿನಲ್ಲಿ ಒಬ್ಬರೇ ಉಂಟು." ಆಮೇಲೆ ಬೆಂಚಿನ ಕಡೆ ಬಗ್ಗಿ, "ಓಯ್ ಸಾಯ್ಬರೆ, ಮೇಲೆ ಬನ್ನಿ ಮಾರಾಯ್ರೆ! ಹಕ್ಕಿ ನಿಂತು ನಿಂತು ಸೋತಿತು," ಎಂದಳು.

ನಗೆ ಇನ್ನೂ ಜೋರಾಯಿತು. ಅಹ್ಮದ್ ಕುಂಞಿ ಪಂಚೆ ಎತ್ತಿ ಕಟ್ಟಿ, ಕಿಸೆಯ ಇಕ್ಕುಳ ಹಿಡಿದು ರಂಗ ಹತ್ತಿದರು. ತಂತಿಯ ತುದಿ ಹುಡುಕಿದರು. ಅದನ್ನು ಯಾರೂ ಬಿಡಿಸಲಾಗದ ಹಾಗೆ ಒಳಕ್ಕೆ ಒತ್ತಿದವರು ತಾವೇ. ಇಕ್ಕುಳ ಜಾರಿತು. ಇನ್ನು ಉಳಿದ ದಾರಿ ಒಂದೇ, ರೆಕ್ಕೆಯ ನಡುವಿನ ಕಡ್ಡಿಯನ್ನೇ ತುಂಡರಿಸುವುದು. ಗಟ್ಟಿ ಇರುವ ಕಡ್ಡಿಯನ್ನು ಅವರು ಈವರೆಗೆ ತುಂಡರಿಸಿದ್ದಿಲ್ಲ.

"ಅಜ್ಜ, ಕತ್ತರಿಸಿ," ಎಂದು ಗಾನಶ್ರೀ ಪಿಸುಗುಟ್ಟಿದಳು. "ಭುಜ ನೋಯ್ತದೆ."

ಅವರು ಕಣ್ಣು ಮುಚ್ಚಿ ಇಕ್ಕುಳ ಒತ್ತಿದರು. ಟಕ್ ಎಂದಿತು. ರೆಕ್ಕೆ ಒಮ್ಮೆಲೇ ಬೀಳಲಿಲ್ಲ. ಮೊದಲು ತುದಿ ಬಾಗಿತು, ಆಮೇಲೆ ಗರಿಗಳು ಒಂದರ ಹಿಂದೆ ಒಂದು ಸೋತು ಇಳಿದವು, ಕೊನೆಗೆ ಇಡೀ ರೆಕ್ಕೆ ಹುಡುಗಿಯ ಬದಿಯಲ್ಲಿ ನೆಲಕ್ಕೆ ಒರಗಿತು. ನೂಲು ಎಳೆದು ಬೀಳಿಸಿದ್ದರೆ ಅದು ಹಾಗೆ ಬೀಳುತ್ತಿರಲಿಲ್ಲ. ಗಾನಶ್ರೀ ಮೊಣಕಾಲೂರಿ ಕುಸಿದಳು. ನಗುತ್ತಿದ್ದ ಮೈದಾನ ಸುಮ್ಮನಾಯಿತು.

ಅಹ್ಮದ್ ಕುಂಞಿ ಇಳಿಯಲು ಹೊರಟರು. ತನ್ಮಯೀ ಅವರ ಅಂಗಿ ಹಿಡಿದಳು. "ಈಗ ಹೋದ್ರೆ ಹಾಳಾಗ್ತದೆ. ಕೂತ್ಕೊಳ್ಳಿ, ರಾಜ ಪುನಃ ಬರ್ತಾನೆ."

ಅವರು ಹಕ್ಕಿಯ ಪಕ್ಕ ಕೂತರು. ಬಿದ್ದ ರೆಕ್ಕೆಯನ್ನು ಮಡಿಲಿಗೆ ಎಳೆದುಕೊಂಡು ಗರಿಗಳನ್ನು ಸರಿಪಡಿಸಿದರು. ಮಾಷ್ಟ್ರು ಮಳೆಯ ಪದ ಹಾಡಿದರು. ಹಕ್ಕಿಯ ನೆರಳು ಕಳೆದುಕೊಂಡ ರಾಜ ತೊಯ್ದುಕೊಂಡು ಬಂದ. ಪರದೆಯ ಹಿಂದೆ ಯಾರೋ ಅವನ ತಲೆಗೆ ಚೆಂಬು ನೀರು ಹೊಯ್ದಿದ್ದರು. ಅವನು ಹಕ್ಕಿಯೊಡನೆ ಕೇಳಬೇಕಾದ ಮಾತೊಂದಿತ್ತು. ಎದುರಿಗೆ ಕೂತ ಮುದುಕರನ್ನು ಕಂಡು ಅವನಿಗೆ ಮಾತು ತಪ್ಪಿತು. ಕೊನೆಗೆ ಅವರನ್ನೇ ಕೇಳಿದ.

"ಎಲೈ ಹಿರಿಯರೇ, ಇಷ್ಟು ಚಂದದ ಈ ರೆಕ್ಕೆ ಯಾರದ್ದು?"

ಅಹ್ಮದ್ ಕುಂಞಿಗೆ ಯಾರೂ ಮಾತು ಕಲಿಸಿರಲಿಲ್ಲ. ಚೆಂಡೆ ನಿಂತು ಕಾಯುತ್ತಿತ್ತು.

"ಹಕ್ಕಿಯದ್ದು," ಎಂದರು ಅವರು. ಆಮೇಲೆ ತಲೆ ಎತ್ತದೆ, "ಮಾಡಿದ್ದು ನಾನು," ಎಂದರು.

ಹೆಂಗಸರ ಕಡೆಯಿಂದ ಪಾತುಮ್ಮನ ದನಿ ಬಂತು. ಅವಳು ಇನ್ನೂ ನಿಂತೇ ಇದ್ದಳು.

"ಜೋರಾಗಿ ಹೇಳಿ! ಹಿಂದೆ ಕೂತವರಿಗೆ ಕೇಳುದಿಲ್ಲ!"

ಅವರು ಎದ್ದು ನಿಂತು, ಜೋರಾಗಿ ಹೇಳಿದರು.