ಜಾಂಬಿಯಾಕ್ಕೆ ಹೊರಟ ಸಿಟ್ಟು

ಪುಣೆಯ ಯೆರವಡಾದ ಆ ಕನ್ನಡದವರ ಓಣಿಯಲ್ಲಿ ಕಲ್ಲವ್ವನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಗ್ಯಾಸ್ ಸಿಲಿಂಡರ್ ತರುವವನಿಂದ ಹಿಡಿದು ಚುನಾವಣೆ ಬಂದಾಗ ಕೈಮುಗಿದುಕೊಂಡು ಬರುವ ನಗರಸೇವಕನವರೆಗೆ ಎಲ್ಲರೂ ಅವಳ ಕಟ್ಟೆಯ ಮುಂದೆ ದನಿ ತಗ್ಗಿಸಿಯೇ ಮಾತಾಡುತ್ತಿದ್ದರು. ಇಂಡಿ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಸಿದ್ದಾರೂಢ ಚಾಕಣದ ಒಂದು ಕಾರ್ಖಾನೆಯಲ್ಲಿ ವಾಚ್‌ಮನ್. ಮನೆಯಲ್ಲಿ ಮಾತ್ರ ಕಾವಲು ಹೆಂಡತಿಯದು. ಕಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ ಹಿಂಜವಾಡಿಯ ಮೆಸ್ಸುಗಳಿಗೆ ಕಳಿಸುವುದು ಅವಳ ಕಸುಬು. ಇನ್ನೊಂದು ಕಸುಬೂ ಇತ್ತು, ಊರಿನವರಿಗೆ ಹೇಳಿದರೆ ನಂಬುತ್ತಿರಲಿಲ್ಲ. ಕಲ್ಲವ್ವ ಪರದೇಶಕ್ಕೆ ಹೋಗುವ ಸೈನಿಕರಿಗೆ ಬೈಯುತ್ತಿದ್ದಳು, ಅದಕ್ಕೆ ಅವಳಿಗೆ ಕೂಲಿ ಕೊಡುತ್ತಿದ್ದರು.

ಚಾಕಣದಾಚೆಯ ಬೋಳುಗುಡ್ಡದ ಬುಡದಲ್ಲಿ ಒಂದು ತರಬೇತಿ ಸಂಸ್ಥೆಯ ಮೈದಾನವಿದೆ. ಯುದ್ಧ ನಿಂತ ದೇಶಗಳಿಗೆ ಶಾಂತಿ ಕಾಯಲು ಹೋಗುವ ಸೈನಿಕರಿಗೆ ಅಲ್ಲಿ ತಾಲೀಮು. ತಗಡಿನ ಗುಡಿಸಲು ಹಾಕಿ, ನಡುವೆ ನೀರಿನ ಟ್ಯಾಂಕರ್ ನಿಲ್ಲಿಸಿ, ಮನೆ ಮಠ ಕಳೆದುಕೊಂಡವರ ಶಿಬಿರವೊಂದನ್ನು ಕಟ್ಟುತ್ತಾರೆ. ಆ ಶಿಬಿರದ ಹೆಂಗಸರು ಕಲ್ಲವ್ವನ ಓಣಿಯವರು. ಕೊಡ ಹಿಡಿದು ನುಗ್ಗಬೇಕು, ಬೈಯಬೇಕು, ಅಳಬೇಕು. ಸೈನಿಕರು ಕೈ ಎತ್ತದೆ ಅವರನ್ನು ಸಮಾಧಾನಪಡಿಸಬೇಕು. ಕನ್ನಡದ ಹೆಂಗಸರೇ ಬೇಕೆಂದು ಆರಿಸಿದ್ದಕ್ಕೂ ಕಾರಣವಿತ್ತು. ಮರಾಠಿ, ಹಿಂದಿ ಆಡಿದರೆ ನಮ್ಮ ಸೈನಿಕರಿಗೆ ತಿಳಿದುಬಿಡುತ್ತದೆ. ಭಾಷೆ ಬಾರದ ಜನರ ನಡುವೆ ನಿಲ್ಲುವುದೇ ಪಾಠ. ಹಾಗಾಗಿ ಆಟ ನಡೆಯುವಾಗ ಕನ್ನಡ ಬಿಟ್ಟು ಬೇರೆ ಮಾತು ಆಡಕೂಡದು ಎಂಬುದು ಕಟ್ಟಪ್ಪಣೆ.

ಇನ್ನೊಂದು ನಿಯಮ ಬಂದದ್ದು ಪಕ್ಕದ ಮನೆಯ ನೀಲಿಮಾಳಿಂದ. ಮೊದಲ ವರ್ಷ ಬಿಸಿಲಿಗೆ ಅವಳು ನಿಜವಾಗಿಯೇ ತಲೆಸುತ್ತಿ ಬಿದ್ದಳು. ಸಂಸ್ಥೆಯ ಸಾಹೇಬರೆಲ್ಲ ಎಂಥ ನಟನೆ ಎಂದು ಚಪ್ಪಾಳೆ ತಟ್ಟುತ್ತ ನಿಂತರು. ಅವಳ ತುಟಿ ನೀಲಿಗಟ್ಟಿದ ಮೇಲೆಯೇ ಅವರಿಗೆ ಬುದ್ಧಿ ಬಂದದ್ದು. ಅಂದಿನಿಂದ, ಯಾರಿಗಾದರೂ ನಿಜಕ್ಕೂ ಏನಾದರೂ ಆದರೆ ಮೂರು ಸಲ ‘ರಿಯಲ್’ ಎಂದು ಕೂಗಬೇಕು. ಕೂಗಿದರೆ ಆಟ ಅಲ್ಲಿಗೇ ನಿಲ್ಲುತ್ತದೆ, ಪಾತ್ರ ಕಳಚುತ್ತದೆ, ಡಾಕ್ಟರು ಓಡಿಬರುತ್ತಾರೆ.

ಈ ಸಲದ ತಾಲೀಮು ದೊಡ್ಡದು. ಎಂಟು ದೇಶಗಳ ಸೈನಿಕರು ಜಾಂಬಿಯಾದಲ್ಲಿ ಸೇರುವವರಿದ್ದರು. ಅದರ ಯೋಜನೆಗೆಂದು ಪುಣೆಯ ಹೋಟೆಲುಗಳಲ್ಲಿ ಸಭೆಯ ಮೇಲೆ ಸಭೆ ನಡೆದವು. ಊಟಗಳೂ ಅಷ್ಟೇ ದೊಡ್ಡದಾಗಿ ನಡೆದವು. ಜಾಂಬಿಯಾದ ಹಳ್ಳಿಯ ಹೆಂಗಸರಿಗೆ ಶಿಬಿರದ ಆಟ ಕಲಿಸಲು ಇಲ್ಲಿಂದ ಒಬ್ಬ ಹೆಂಗಸು ಬರಬೇಕು, ಅವಳು ಶಿಬಿರದಲ್ಲಿ ಕೆಲಸ ಮಾಡಿದವಳೇ ಆಗಿರಬೇಕು ಎಂದು ದುಡ್ಡು ಕೊಡುವ ದೇಶಗಳು ಷರತ್ತು ಹಾಕಿದವು. ಶಿಬಿರದ ಆಟಕ್ಕೆ ಹೆಂಗಸರನ್ನು ಒದಗಿಸುವ ಕಂಪನಿಯ ಸುಹಾಸ ಓಣಿಗೇ ಬಂದು, ಕಟ್ಟೆಯ ಮೇಲೆ ಕೂತು ರೊಟ್ಟಿ ತಿಂದು ಹೇಳಿದ್ದ: “ನೀವೇ ಹೋಗುವುದು ಅಮ್ಮ. ಪಾಸ್‌ಪೋರ್ಟ್ ಮಾಡಿಸಿ.”

ಸುಹಾಸನದು ಕರಾವಳಿಯ ಕಡೆಯ ಹೋಟೆಲು ಮನೆತನ. ಸಾಹೇಬರ ನಡುವೆ ಕನ್ನಡ ಬಲ್ಲವನು ಅವನೊಬ್ಬನೇ. ಕಲ್ಲವ್ವ ಅವನನ್ನು ನಂಬಿದಳು. ಮೆಸ್ಸುಗಳಿಗೆ ರೊಟ್ಟಿ ಕಳಿಸುವ ಕೆಲಸವನ್ನು ನೀಲಿಮಾಳಿಗೆ ಒಪ್ಪಿಸಿದಳು. ಓಣಿಯವರು ಆರತಿ ಬೆಳಗಿದರು. ವಿಮಾನದಲ್ಲಿ ರೊಟ್ಟಿ ಬಿಡುತ್ತಾರೋ ಇಲ್ಲವೋ ಎಂದು ಸಿದ್ದಾರೂಢ ಕಂಡಕಂಡವರನ್ನೆಲ್ಲ ಕೇಳಿದ. ಹುಟ್ಟಿದಂದಿನಿಂದ ಗಯ್ಯಾಳಿ ಎನಿಸಿಕೊಂಡ ಬಾಯಿಯನ್ನು ಇನ್ನೊಂದು ದೇಶ ಬೇಕೆಂದು ಕರೆಸಿಕೊಳ್ಳುತ್ತಿದೆ ಎಂಬ ಹಿಗ್ಗು ಅವಳಿಗೆ.

ಆಮೇಲೆ ಪ್ರಣೀತಾ ಬಂದಳು. ಸುಹಾಸನ ಚಿಕ್ಕಪ್ಪನ ಮಗಳು, ನಾಟಕ ಕಲಿತವಳು. “ಸ್ವಲ್ಪ ನಿಮ್ಮ ಬೈಗುಳ ಹೇಳಿಕೊಡಿ ಅಮ್ಮ, ಶಿಬಿರಕ್ಕೆ ಹೊಸಬಳು,” ಎಂದು ಸುಹಾಸ ಬಿಟ್ಟುಹೋದ. ಪಾಪ, ಆ ಹುಡುಗಿ ಮೊದಲ ದಿನ ಸೈನಿಕನ ಮುಂದೆ ನಿಂತು, “ದಯವಿಟ್ಟು ನೀರು ಕೊಡಿ, ಇಲ್ಲದಿದ್ದರೆ ಚೆನ್ನಾಗಿರುವುದಿಲ್ಲ,” ಎಂದಳು. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಕಲ್ಲವ್ವ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದಳು. ಬೈಗುಳ ಹೊಟ್ಟೆಯಿಂದ ಬರಬೇಕು, ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯಬೇಕು, ಕಣ್ಣು ಕೀಳಬಾರದು.

ದುಡ್ಡು ಕೊಡುವವರು ಪರೀಕ್ಷೆಗೆ ಬರುವ ದಿನ ಬೆಳಿಗ್ಗೆ, ಸೀರೆಯ ಸೆರಗು ಸಿಕ್ಕಿಸಿಕೊಳ್ಳುತ್ತ ಪ್ರಣೀತಾ ಕೇಳಿದಳು: “ಅಮ್ಮ, ಜಾಂಬಿಯಾದಲ್ಲಿ ಜುಲೈಯಲ್ಲಿ ಚಳಿ ಉಂಟಂತೆ ಹೌದಾ? ನಾನು ಸ್ವೆಟರ್ ತಗೊಳ್ಳಲಾ?”

ಕಲ್ಲವ್ವ ಕೈಲಿದ್ದ ಕೊಡವನ್ನು ಕೆಳಗಿಟ್ಟಳು. “ನೀ ಯಾಕ ತಗೋತಿ?”

“ನಾನೇ ಹೋಗುವುದಲ್ವಾ? ಟಿಕೆಟ್ ಆಯ್ತು. ನಿಮಗೆ ಆರೋಗ್ಯ ಸರಿಯಿಲ್ಲ, ಬರುವುದಿಲ್ಲ ಅಂದ್ರಂತೆ. ಸುಹಾಸಣ್ಣ ಹೇಳಿದ.”

ಮೈ ಉರಿದುಹೋಯಿತು ಕಲ್ಲವ್ವನಿಗೆ. ಹುಡುಗಿಯ ಮುಖದಲ್ಲಿ ಕಪಟವಿರಲಿಲ್ಲ, ಅದು ಅವಳಿಗೆ ತಿಳಿಯಿತು. ನೇರ ಸುಹಾಸನ ಬಳಿ ಹೋದಳು. ಅವನು ಅತಿಥಿಗಳಿಗೆ ಕುರ್ಚಿ ಹಾಕಿಸುತ್ತಿದ್ದ.

“ಹಾಗಲ್ಲ ಮಾರಾಯ್ರೆ, ಫಂಡ್ ಕಡಿಮೆ ಆಯ್ತು. ಅಲ್ಲಿ ಇಂಗ್ಲಿಷ್ ಬೇಕು. ಈಗ ಗಲಾಟೆ ಬೇಡ, ಮುಂದಿನ ಸಲ ನೋಡುವ.”

“ನಂಗ ರೋಗ ಯಾವಾಗ ಬಂತೋ ತಮ್ಮಾ? ನನ್ನ ರೊಟ್ಟಿ ತಿಂದಾಗ ನಿನಗ ಕಾಣಲಿಲ್ಲೇನು?”

ಅಷ್ಟರಲ್ಲಿ ಆಟ ಶುರುವಾಗುವ ಸೀಟಿ ಕೇಳಿಸಿತು. ಅತಿಥಿಗಳು ಬಂದು ನೆರಳಿನಲ್ಲಿ ಕುಳಿತಿದ್ದರು. ನಡುವೆ ಜಾಂಬಿಯಾದ ಮೇಜರ್ ಚಿಲೇಶೆ, ಎತ್ತರದ ಹೆಂಗಸು; ಕಾಗದಕ್ಕೆ ಅವರ ಸಹಿಯೂ ಬೇಕಿತ್ತು. ಪಕ್ಕದಲ್ಲಿ ಸಂಸ್ಥೆಯ ನಿವೃತ್ತ ಕರ್ನಲ್. ಹೆಂಗಸರು ಕೊಡ ಹಿಡಿದು ಟ್ಯಾಂಕರಿನತ್ತ ನುಗ್ಗಿದರು. ಕಲ್ಲವ್ವ ಟ್ಯಾಂಕರಿನತ್ತ ಹೋಗಲಿಲ್ಲ. ಸೈನಿಕರ ಸಾಲನ್ನು ದಾಟಿ ಸುಹಾಸನ ಮುಂದೆಯೇ ನಿಂತಳು.

“ಸುಳ್ಳಬುರುಕಾ! ನನ್ನ ಜಾಗಾ ನಿನ್ನ ಮನೀ ಹುಡುಗಿಗೆ ಬರದಿಯಲ್ಲೋ! ಬ್ಯಾನಿ ಅದ ಅಂತ ಹೇಳಿದಿ, ಹೌದಲ್ಲೋ? ಇಷ್ಟು ಮಂದಿ ಮುಂದ ನಿನಗ ನಾಚಿಕಿ ಬರೂದಿಲ್ಲೇನು?”

ಮೇಜರ್ ಚಿಲೇಶೆ ಸುಹಾಸನತ್ತ ಬಾಗಿ ಕೇಳಿದರು, ಆಕೆ ಏನು ಹೇಳುತ್ತಿದ್ದಾಳೆ? ಸುಹಾಸ ನಗುಮುಖದಿಂದಲೇ ಇಂಗ್ಲಿಷಿನಲ್ಲಿ ಹೇಳಿದ, “ವಾಟರ್ ಕೇಳುತ್ತಿದ್ದಾಳೆ ಮೇಡಂ. ಮಕ್ಕಳಿಗೆ ವಾಟರ್ ಇಲ್ಲವಂತೆ.” ಅತಿಥಿಗಳು ತಲೆದೂಗಿದರು. ಒಬ್ಬರು ಫೋಟೊ ತೆಗೆದರು. ಒಬ್ಬ ಎಳೆಯ ಸೈನಿಕ, ಕಲಿಸಿದ ಹಾಗೆಯೇ, ವಿನಯದಿಂದ ನೀರಿನ ಬಾಟಲಿಯನ್ನು ಕಲ್ಲವ್ವನ ಕೈಗಿಟ್ಟ. ಅತಿಥಿಗಳು ಚಪ್ಪಾಳೆ ತಟ್ಟಿದರು.

ವಾಟರ್ ಎಂಬ ಮಾತು ಕಲ್ಲವ್ವನಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ಅದೇ ಮಾತಿನ ಸುತ್ತ ಗಂಟಲು ಹರಿದುಕೊಂಡವಳು ಅವಳು. ಎದೆಯೊಳಗಿನ ಬೆಂಕಿಯನ್ನೂ ಇವನು ಆಟಕ್ಕೆ ಸೇರಿಸಿಬಿಟ್ಟನಲ್ಲ ಎನಿಸಿತು. ಬಾಟಲಿಯನ್ನು ನೆಲಕ್ಕೆ ಬಡಿದಳು.

“ರಿಯಲ್! ರಿಯಲ್! ರಿಯಲ್!”

ಮೈದಾನವೆಲ್ಲ ಒಮ್ಮೆಲೇ ನಿಂತಿತು. ಡಾಕ್ಟರು ಪೆಟ್ಟಿಗೆ ಹಿಡಿದು ಓಡಿಬಂದರು, ಹಿಂದೆ ಸ್ಟ್ರೆಚರ್. ಕರ್ನಲ್ ಸಾಹೇಬರು ಎದ್ದು ಬಂದು ಹಿಂದಿಯಲ್ಲಿ ಕೇಳಿದರು, ಎಲ್ಲಿ ಪೆಟ್ಟಾಯಿತು ಅಮ್ಮ?

ಆಟ ನಿಂತಿತ್ತು, ಕನ್ನಡದ ಕಟ್ಟೂ ಬಿಚ್ಚಿತ್ತು. ಕಲ್ಲವ್ವ ತನ್ನ ಹರಕು ಹಿಂದಿಯಲ್ಲಿ, ಅಲ್ಲಲ್ಲಿ ಮರಾಠಿ ಸೇರಿಸಿ, ಎಲ್ಲವನ್ನೂ ಹೇಳಿದಳು. ತನಗೆ ಯಾವ ರೋಗವೂ ಇಲ್ಲ, ತಾನು ಒಲ್ಲೆ ಎಂದದ್ದೂ ಇಲ್ಲ, ತನ್ನ ಜಾಗವನ್ನು ಇವನು ತನ್ನ ಮನೆಯವಳಿಗೆ ಕೊಟ್ಟಿದ್ದಾನೆ. ಕರ್ನಲ್ ಸಾಹೇಬರು ಅತಿಥಿಗಳತ್ತ ನೋಡಿದರು, ಸುಹಾಸನತ್ತ ನೋಡಿದರು, ಮುಖ ಗಂಟಿಕ್ಕಿದರು.

“ಆ ಮಾತು ಜೀವಕ್ಕೆ ಅಪಾಯ ಬಂದಾಗ ಕೂಗುವುದು, ಇಂಥದಕ್ಕಲ್ಲ. ಇದನ್ನೆಲ್ಲ ಆಮೇಲೆ ನೋಡೋಣ. ಮೊದಲಿನಿಂದ ಶುರು ಮಾಡಿ.”

ಆಮೇಲೆ! ದುಡ್ಡು ಕೊಡುವವರು ಸಹಿ ಹಾಕಿ ವಿಮಾನ ಹತ್ತಿದ ಮೇಲೆ ಬರುವ ಆಮೇಲೆ ಎಂಥದೆಂದು ಯೆರವಡಾದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮತ್ತೆ ಸೀಟಿ ಕೇಳಿಸಿತು. ಕಲ್ಲವ್ವ ಕೊಡವನ್ನು ಬೋರಲು ಹಾಕಿ ಅದರ ಪಕ್ಕದಲ್ಲೇ ನೆಲದ ಮೇಲೆ ಕೂತಳು. ನೀಲಿಮಾ ಕೂತಳು. ಒಬ್ಬೊಬ್ಬರಾಗಿ ಓಣಿಯವರೆಲ್ಲ ಕೂತರು. ಗುರಾಣಿ ಹಿಡಿದ ಸೈನಿಕರು ಸಿಟ್ಟಾಗುವವರಿಗಾಗಿ ಕಾಯುತ್ತ ಬಿಸಿಲಿನಲ್ಲಿ ನಿಂತೇ ಇದ್ದರು. ಸುಹಾಸ ಬೆವರುತ್ತ ಬಂದು ಬಗ್ಗಿದ.

“ಬೈಯಿರಿ ಅಮ್ಮ. ದಮ್ಮಯ್ಯ, ಒಂದು ಸಲ ಬೈಯಿರಿ. ಮಾನ ಹೋಗ್ತದೆ.”

“ಪ್ರಣೀತಾಗ ಎಲ್ಲಾ ಕಲಿಸೇನಲ್ಲ. ಆಕೀನ ಬೈತಾಳ ಬಿಡು.”

ಪ್ರಣೀತಾ ಒಬ್ಬಳೇ ನಿಂತಿದ್ದಳು. ಮುಖ ಕೆಂಪಾಗಿತ್ತು. ಕಲ್ಲವ್ವನನ್ನು ನೋಡಿದಳು, ಅಣ್ಣನನ್ನು ನೋಡಿದಳು. ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದು ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು. ಕಣ್ಣು ಕೀಳಲಿಲ್ಲ.

“ನಿನ್ನ ಬಾಯಾಗ ಮಣ್ಣ ಬೀಳಲಿ! ನೀ ಕುಡಿಯೂ ನೀರು ಗಂಟಲದಾಗ ನಿಂದರಲಿ! ನನಗೂ ಸುಳ್ಳ ಹೇಳಿದಿಯಲ್ಲೋ ಭಾಡ್ಯಾ!”

ಬೈಗುಳ ಹೊಟ್ಟೆಯಿಂದಲೇ ಬಂದಿತ್ತು. ಮೇಜರ್ ಚಿಲೇಶೆ ಕುರ್ಚಿಯಿಂದ ಎದ್ದರು. ಈಕೆಯೂ ನೀರನ್ನೇ ಕೇಳುತ್ತಿದ್ದಾಳೆಯೇ ಎಂದು ಸುಹಾಸನನ್ನು ಕೇಳಿದರು. ಅವನು ಕರ್ನಲ್ ಸಾಹೇಬರತ್ತ ತಿರುಗಿದ. ಪ್ರಣೀತಾಳೇ ತಿರುಗಿ, ತನ್ನ ಒಳ್ಳೆಯ ಇಂಗ್ಲಿಷಿನಲ್ಲಿ, ಕಲ್ಲವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ತಾನು ಹೋಗುವುದಿಲ್ಲ ಎಂದೂ ಹೇಳಿದಳು.

ಮೇಜರ್ ಕಲ್ಲವ್ವನ ಬಳಿ ಬಂದು, ಸಮವಸ್ತ್ರಕ್ಕೆ ಧೂಳು ಹತ್ತುವುದನ್ನು ಲೆಕ್ಕಿಸದೆ ಕುಕ್ಕರಗಾಲಲ್ಲಿ ಕೂತರು. ಏನೋ ಕೇಳಿದರು.

“ನೀವು ಹೋಗದಿದ್ದರೆ ಅವರು ಕಾಗದಕ್ಕೆ ಸಹಿ ಹಾಕುವುದಿಲ್ಲವಂತೆ,” ಎಂದಳು ಪ್ರಣೀತಾ. “ಬರ್ತೀರಾ ಅಂತ ಕೇಳ್ತಿದ್ದಾರೆ ಅಮ್ಮ.”

ಹೆಂಗಸರೆಲ್ಲ ಕಲ್ಲವ್ವನತ್ತ ತಿರುಗಿದರು. ಕರ್ನಲ್ ಸಾಹೇಬರು ಈಗ ನಗಲು ನೋಡಿದರು. ಸುಹಾಸನೂ ನಗಲು ನೋಡಿದ. ಕಲ್ಲವ್ವ ಇಬ್ಬರ ಮುಖವನ್ನೂ ನೋಡಿದಳು. ಅವಳಿಗೆ ನಗು ಬರಲಿಲ್ಲ.

“ಬರ್ತೀನಿ ಅಂತ ಹೇಳವಾ,” ಎಂದಳು. “ಆದ್ರ ನನ್ನ ಸಿಟ್ಟ ಇನ್ನೂ ಇಳದಿಲ್ಲ. ಅದನ್ನೂ ಹೇಳು. ನೀರು ಕೇಳ್ಯಾಳ ಅಂತ ಹೇಳಬ್ಯಾಡ ಮತ್ತ.”