ಯರಗುಪ್ಪಿಗೆ ಬಂದ ಫಿಜಿಯ ಡಿಫೆಂಡರ್

ಇವತ್ತು ಮಧ್ಯಾಹ್ನ ಪಕ್ಕದ ಮನೆಯಲ್ಲಿ ಯಾರೋ ಕುಸುಬಿ ಎಣ್ಣೆ ಕಾಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಂಬತ್ತರ ದಶಕದಲ್ಲಿ ನಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದ ಸೆಮಿ ಕಣ್ಣ ಮುಂದೆ ಬಂದ. ನೀವು ನಂಬಲಿಕ್ಕಿಲ್ಲ, ತನ್ನ ದೇಶದ ಫುಟ್‌ಬಾಲ್ ತಂಡದಲ್ಲಿ ಆಡಿದ ಡಿಫೆಂಡರ್ ಒಬ್ಬ ಯರಗುಪ್ಪಿಯ ನಮ್ಮ ಮನೆಯಲ್ಲಿ ಒಂದು ತಿಂಗಳು ರೊಟ್ಟಿ ತಿಂದಿದ್ದಾನೆ.

ಅವನ ದೇಶ ಫಿಜಿ. ಶಾಲಾ ಮಾಸ್ತರನಾಗಿದ್ದ ನಾನೇ ನಕಾಶೆಯಲ್ಲಿ ಅದನ್ನು ಹುಡುಕಲು ಅರ್ಧ ತಾಸು ಒದ್ದಾಡಿದೆ. ಸಿಕ್ಕಾಗ ಸಮುದ್ರದ ಮೇಲೆ ನೊಣ ಕೂತು ಹೋದ ಹಾಗಿತ್ತು. ಧಾರವಾಡಕ್ಕೆ ಕೃಷಿ ಓದಲು ಬಂದವನನ್ನು ಎರೆಹೊಲದ ಹತ್ತಿ ನೋಡಿ ಬಾ ಎಂದು ನಮ್ಮೂರಿಗೆ ಕಳಿಸಿದ್ದರು. ಬಾಗಿಲು ದಾಟಲು ಬಗ್ಗಬೇಕಾದಂಥ ಆಳು. ತಮ್ಮಲ್ಲಿಯ ಕಬ್ಬಿನ ಹೊಲಗಳಿಗೆ ಹಿಂದೆ ಭಾರತದಿಂದ ಹೋದವರಿಂದ ಹಿಂದಿ ಕಲಿತಿದ್ದ. ಅವ್ವನಿಗೆ ಹಿಂದಿ ಬಾರದು, ಅವನಿಗೆ ಕನ್ನಡ ಬಾರದು. ಆದರೂ ಇಬ್ಬರೂ ನನ್ನನ್ನು ಬಿಟ್ಟು ತಾಸುಗಟ್ಟಲೆ ಮಾತಾಡುತ್ತಿದ್ದರು.

“ಕುಂಟತಾನಲ್ಲೋ, ಕಾಲಿಗೆ ಏನಾಗೇತಿ ಕೇಳು,” ಎಂದು ಅವ್ವ ಒಂದು ದಿನ ನನ್ನನ್ನು ತಿವಿದಳು.

ಸೆಮಿ ನಗುತ್ತಲೇ ಹೇಳಿದ. ಹತ್ತೊಂಬತ್ತಕ್ಕೇ ದೇಶದ ತಂಡ ಸೇರಿದ್ದ, ದ್ವೀಪದಿಂದ ದ್ವೀಪಕ್ಕೆ ಹಡಗಿನಲ್ಲಿ ಹೋಗಿ ಆಡಿದ್ದ, ಒಮ್ಮೆಯೂ ಗೋಲು ಹೊಡೆದಿರಲಿಲ್ಲ. ದೊಡ್ಡ ದೇಶವೊಂದರ ಎದುರು ಚೆಂಡಿಗೆ ಅಡ್ಡ ಬಿದ್ದಾಗ ಮೊಣಕಾಲು ತಿರುಚಿತ್ತು.

“ಆದರೆ ಅವತ್ತು ಗೋಲು ಆಗಲಿಲ್ಲ,” ಎಂದ. ಇನ್ನು ಆಡಬೇಡ ಎಂದು ಡಾಕ್ಟರು ಹೇಳಿದ್ದನ್ನು ಆಮೇಲೆ ಹೇಳಿದ, ನಗದೆ.

ಅವ್ವ ಒಳಗೆ ಹೋಗಿ ಕುಸುಬಿ ಎಣ್ಣೆ ಕಾಸಿ ತಂದಳು. ಅಂದಿನಿಂದ ದಿನಾ ಎರಡು ಹೊತ್ತು ಆ ಕಾಲನ್ನು ತಿಕ್ಕಿದಳು.

ನಮ್ಮೂರಿಗೂ ಒಂದು ತಂಡವಿತ್ತು. ಪ್ರತಿ ವರ್ಷ ಅಣ್ಣಿಗೇರಿಯವರಿಗೆ ಸೋಲುವುದು ಅದರ ಕೆಲಸ. ನನಗೆ ಓಡಲು ಬರುವುದಿಲ್ಲವೆಂದು ಹಿಂದೆ ನಿಲ್ಲಿಸಿದ್ದರು. ಚೆಂಡು ಬಂದರೆ ಕಣ್ಣು ಮುಚ್ಚಿ ಒದೆಯುತ್ತಿದ್ದೆ. ಅದನ್ನು ನೋಡಿದ ಸೆಮಿ ಸಂಕಟಪಟ್ಟ.

“ಮಾಸ್ತರ್, ಚೆಂಡು ಮೋಸ ಮಾಡುತ್ತದೆ, ಕಾಲೂ ಮಾಡುತ್ತದೆ. ಎದುರಿನವನ ಸೊಂಟ ನೋಡು. ಸೊಂಟ ಹೋದ ಕಡೆಗೇ ಮನುಷ್ಯ ಹೋಗಬೇಕು.”

ಮೂರು ವಾರ ಊರವರ ಸೊಂಟ ನೋಡುತ್ತ ಓಡಾಡಿದೆ. ನನ್ನ ಮೇಲೆ ಮಾತು ಬರುವುದೊಂದು ಬಾಕಿ ಇತ್ತು.

ಅಣ್ಣಿಗೇರಿಯವರು ಬಂದರು. ಅವರ ಮುಂದಾಳು ಮಾಬೂಸಾಬ ಗಾಳಿಯಂಥವ. “ಮಾಸ್ತರ, ಈ ಸಲ ಕಣ್ಣು ತೆರಕೊಂಡು ಆಡ್ತೀರೇನ್ರಿ?” ಎಂದು ನಕ್ಕ. ನಾನು ಅವನ ಸೊಂಟಕ್ಕೆ ಕಣ್ಣು ನೆಟ್ಟೆ. ಅವನು ಎಡಕ್ಕೆ ವಾಲಿದರೆ ನಾನೂ ಎಡಕ್ಕೆ, ಬಲಕ್ಕೆ ಹೊರಳಿದರೆ ಬಲಕ್ಕೆ. ತಾಸಾದರೂ ಗೋಲಿಲ್ಲ. ಊರಿಗೆ ಊರೇ ಎದ್ದು ನಿಂತಿತ್ತು. ಅಷ್ಟರಲ್ಲಿ ನನ್ನ ಜೊತೆಯ ಡಿಫೆಂಡರ್ ಪಾದ ಉಳುಕಿಸಿಕೊಂಡು ಕೂತ. ಬದಲಿಗೆ ಆಳಿಲ್ಲ.

ಸೆಮಿ ಗೆರೆಯ ಹತ್ತಿರ ಬಂದು ಮಾಬೂಸಾಬನ ಮುಖ ನೋಡಿದ.

“ಆಡ್ಲಿ ಬಿಡ್ರಿ,” ಎಂದ ಮಾಬೂಸಾಬ. “ನಾವೂ ಒಂದೀಟು ನೋಡೂಣು.”

“ಬ್ಯಾಡೋ ಸೆಮ್ಯಾ,” ಅವ್ವ ಕೂಗಿದಳು. “ಕಾಲು ಹೋದರ ಮತ್ತ ಬರಂಗಿಲ್ಲ.”

ಅವನು ಅವ್ವನ ಕಡೆ ಕೈ ಮುಗಿದು ಒಳಗೆ ಬಂದ.

ಆಟ ಮುಗಿಯುವ ಹೊತ್ತು. ಮಾಬೂಸಾಬ ನನ್ನ ಮೇಲೆ ನುಗ್ಗಿದ. ಕಾಲು ಚಾಚಿದೆ, ಚೆಂಡು ಸಿಕ್ಕಿತು, ಆದರೆ ಚಿಮ್ಮಿ ಅವರವನಿಗೇ ಹೋಯಿತು. ಅವನು ಬಾರಿಸಿದ. ನಮ್ಮ ಗೋಲ್‌ಕೀಪರ್ ಇನ್ನೊಂದು ಕಡೆ ಬಿದ್ದಿದ್ದ. ಸೆಮಿ ಅದೇ ಕಾಲಿನ ಮೇಲೆ ಹಾರಿ ಎದೆಗೊಟ್ಟ. ಚೆಂಡು ಜೋಳದ ಹೊಲಕ್ಕೆ ಹೋಗಿ ಬಿತ್ತು, ಆಟ ಮುಗಿದ ಸೀಟಿ ಕೇಳಿತು.

ಸೋಲಲಿಲ್ಲ. ಊರು ಹುಚ್ಚೆದ್ದು ಕುಣಿಯಿತು. ಸೆಮಿ ಮಾತ್ರ ನೆಲದ ಮೇಲೆಯೇ ಇದ್ದ. ಮೆಲ್ಲಗೆ ಎದ್ದ. ಕೂತ. ಮತ್ತೆ ಎದ್ದ. ಹತ್ತು ಸಲ ಹಾಗೆ ಮಾಡಿ, ಮೊಣಕಾಲು ನೋಯದ್ದು ಖಾತ್ರಿಯಾದ ಮೇಲೆ ಓಡಿ ಹೋಗಿ ಅವ್ವನನ್ನು ಎತ್ತಿಬಿಟ್ಟ. “ಇಳಸೋ, ಮಂದಿ ನೋಡಾಕತ್ತಾರ,” ಎನ್ನುತ್ತ ಅವ್ವ ಅಳುತ್ತಿದ್ದಳು.

ಎರಡು ವರ್ಷಕ್ಕೆ ಫಿಜಿಯಿಂದ ಫೋಟೋ ಬಂತು. ದೇಶದ ತಂಡದ ಸಾಲಿನಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಸೆಮಿ. ಮುಂದೆ ಐದು ವರ್ಷ ಆಡಿದ, ಕಡೆಯ ವರ್ಷ ನಾಯಕನಾದ. “ಇನ್ನೂ ಗೋಲು ಹೊಡೆದಿಲ್ಲ, ಅವ್ವನಿಗೆ ಹೇಳು,” ಎಂದು ಆ ವರ್ಷವೂ ಬರೆದಿದ್ದ.

ಇಷ್ಟು ಬರೆದ ಮೇಲೆ ಕೂತಿರಲಾಗಲಿಲ್ಲ. ಶಾಲೆಯ ಬಯಲಿಗೆ ಹೋದೆ. ಹುಡುಗಿಯರು ಫುಟ್‌ಬಾಲ್ ಆಡುತ್ತಿದ್ದರು, ಒಂದು ಕಡೆ ಒಬ್ಬರು ಕಡಿಮೆ.

“ನಾ ಬರ್ಲೇನವಾ?” ಎಂದೆ.

ಮೊದಲ ಸಲ ಹುಡುಗಿಯೊಬ್ಬಳು ನನ್ನನ್ನು ಸುಲಭವಾಗಿ ದಾಟಿ ಹೋದಳು. ಎರಡನೆಯ ಸಲ ಸೆಮಿಯ ಪಾಠ ನೆನಪಾಯಿತು, ಚೆಂಡು ನನ್ನ ಕಾಲಲ್ಲಿತ್ತು.

“ಅಜ್ಜಾರ, ನಾಳೆನೂ ಬರ್ತೀರೇನ್ರಿ?”

ಏದುಸಿರು ಬಿಡುತ್ತಲೇ, ಬರುತ್ತೇನೆಂದು ಕೈ ಎತ್ತಿದೆ.